ಹಿಮ್ಮಡಿ ನೋಡುವವರು

ಅವರ ಜೊತೆ ನಾನು ಮಾಡಿದ ವಾದಗಳಲ್ಲಿ ಗೆದ್ದದ್ದು ಒಂದೇ. ಉಳಿದವನ್ನು ಸೋತೆ ಎಂದಲ್ಲ, ಅವರು ವಾದಕ್ಕೆ ಇಳಿಯುತ್ತಲೇ ಇರಲಿಲ್ಲ. ಎದುರಾಳಿಯೇ ಬಾರದ ವೇದಿಕೆಯಲ್ಲಿ ಗೆಲ್ಲುವುದು ಹೇಗೆ? ಅಂತರ ಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ತಂದವನು ನಾನು. ರಾಜಾಜಿನಗರದ ನಮ್ಮ ವಠಾರದಲ್ಲಿ ನಲ್ಲಿ ನೀರಿನ ಸರದಿಯಿಂದ ಹಿಡಿದು ದೇವರು ಇದ್ದಾನೋ ಇಲ್ಲವೋ ಎಂಬುದರವರೆಗೆ ನಾನು ವಾದಕ್ಕೆ ಎಳೆಯದ ವಿಷಯವಿಲ್ಲ, ಎಳೆಯದ ಮನುಷ್ಯರಿಲ್ಲ. ಎದುರು ಮನೆಯ ಇವರು ಮಾತ್ರ ನಾನು ಹೇಳುವುದನ್ನೆಲ್ಲ ಪೂರ್ತಿ ಕೇಳುತ್ತಿದ್ದರು. ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಹೊರಳಿಸುತ್ತಿದ್ದರು. ಆಮೇಲೆ, "ಚೆನ್ನಾಗಿ ಮಾತಾಡ್ತೀಯ ಕಣೋ. ಆದ್ರೆ ನಿನ್ನ ಮಾತು ಬೆರಳ ತುದೀಲಿ ನಿಂತಿರುತ್ತೆ. ಹಿಮ್ಮಡಿ ಊರೋದೇ ಇಲ್ಲ" ಎಂದು ಎದ್ದುಹೋಗುತ್ತಿದ್ದರು.

ಹೋದ ತಿಂಗಳು ಅವರು ತೀರಿಕೊಂಡರು. ಬೆಳಗಿನ ಪಾಳಿಗೆ ಹೊರಟ ಫ್ಯಾಕ್ಟರಿ ಬಸ್ಸಿನಲ್ಲಿ, ಕಿಟಕಿ ಪಕ್ಕ ಕೂತ ಹಾಗೆಯೇ. ಗೇಟಿನ ಹತ್ತಿರ ಎಲ್ಲರೂ ಇಳಿದರೂ ಇವರು ಇಳಿಯಲಿಲ್ಲವಂತೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಬಡ್ಡಿ ತಂಡದ ಗ್ರೂಪ್ ಫೋಟೋಗಳಲ್ಲಿ ಕೂಡ ಅವರು ಯಾರದೋ ಹೆಗಲ ಹಿಂದೆ ಅರ್ಧ ಮುಖವಾಗಿಯೇ ಇರುತ್ತಿದ್ದರು. ಹಾಗೆಯೇ ಇರಲಿ.

ಕಾರ್ಖಾನೆಯಲ್ಲಿ ಅವರದು ಇನ್‌ಸ್ಪೆಕ್ಷನ್ ವಿಭಾಗ. ಮೆಷಿನ್ನಿಂದ ಬಂದ ಬಿಡಿಭಾಗಗಳು ಅಳತೆಗೆ ಸರಿಯಿವೆಯೇ ಎಂದು ನೋಡಿ, ಸರಿಯಿಲ್ಲದ್ದಕ್ಕೆ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುವ ಕೆಲಸ. ಅದು ಸಂಬಳದ ಕೆಲಸ. ಸಂಬಳವಿಲ್ಲದ ಇನ್ನೊಂದು ಕೆಲಸವಿತ್ತು, ನಮಗೆ ಗೊತ್ತಿದ್ದದ್ದು ಅದೇ. ಕಾರ್ಖಾನೆಯ ಕಬಡ್ಡಿ ತಂಡಕ್ಕೆ ಕಾಲೇಜುಗಳಿಂದ ಹುಡುಗರನ್ನು ಹುಡುಕಿ ಕೊಡುವುದು. ಬೆಂಗಳೂರಿನ ದೊಡ್ಡ ಕಾರ್ಖಾನೆಗಳೆಲ್ಲ ಚೆನ್ನಾಗಿ ಆಡುವ ಹುಡುಗರಿಗೆ ಕೆಲಸ ಕೊಟ್ಟು ಕರೆದುಕೊಳ್ಳುತ್ತಿದ್ದವು. ಬಿ.ಎ.ಯಲ್ಲಿ ಡುಮ್ಕಿ ಹೊಡೆದವನಿಗೂ ಕಾಲು ಚುರುಕಿದ್ದರೆ ಕಾಯಂ ಕೆಲಸ, ಕ್ಯಾಂಟೀನ್ ಊಟ, ಮನೆ ಹತ್ತಿರಕ್ಕೇ ಬರುವ ಬಸ್ಸು. ಹಾಗಾಗಿ ವಿಜಯನಗರದ ಮೈದಾನದ ಅಂಚಿನಲ್ಲಿ ಇವರು ಬಂದು ಕುಕ್ಕರಗಾಲಲ್ಲಿ ಕೂತರೆಂದರೆ, ಆಡುತ್ತಿದ್ದ ಹುಡುಗರ ಉಸಿರಿನ ಲಯವೇ ಬದಲಾಗುತ್ತಿತ್ತು.

ಅವರೂ ಒಂದು ಕಾಲಕ್ಕೆ ಆಡಿದವರೇ. ದಾಳಿಗೆ ಹೋಗುವವರಲ್ಲ, ದಾಳಿಗೆ ಬಂದವನ ಕಣಕಾಲು ಹಿಡಿಯುವವರು. ಬಲಗೈಯ ಎರಡು ಬೆರಳು ಮುರಿದು ಕೂಡಿಕೊಂಡು, ಎಂದಿಗೂ ನೆಟ್ಟಗಾಗದೆ ಏನನ್ನೋ ಹಿಡಿದುಕೊಂಡೇ ಇರುವ ಹಾಗೆ ಬಾಗಿದ್ದವು. ಕಾಲು ಹಿಡಿದು ಹಿಡಿದು ಅವರ ಕಣ್ಣು ಮನುಷ್ಯನ ಮೊಣಕಾಲಿನಿಂದ ಮೇಲಕ್ಕೆ ಏಳುವುದನ್ನೇ ಮರೆತಿತ್ತು. ಅವರ ಹೆಂಡತಿ ಹೇಳುತ್ತಿದ್ದರು: "ಹೆಣ್ಣು ನೋಡೋಕೆ ಬಂದಾಗಲೂ ಇವ್ರು ನನ್ನ ಮುಖ ನೋಡ್ಲಿಲ್ಲ ಕಣಪ್ಪ. ಕಾಫಿ ಲೋಟ ತಗೊಂಡು ಬಂದ್ರೆ ಪಾದ ನೋಡ್ತಾ ಕೂತಿದ್ರು. ಎಷ್ಟು ವಿನಯ ಅಂದ್ಕೊಂಡ್ರು ನಮ್ಮಪ್ಪ."

"ಎಡಗಾಲು ಸ್ವಲ್ಪ ಹೊರಗೆ ಹಾಕ್ತಿದ್ಲು. ಈಗಲೂ ಹಾಕ್ತಾಳೆ" ಎನ್ನುತ್ತಿದ್ದರು ಇವರು, ಪೇಪರಿನಿಂದ ತಲೆ ಎತ್ತದೆ.

ಆಟ ನಡೆಯುತ್ತಿದ್ದದ್ದು ಮಣ್ಣಿನ ಅಂಕಣದಲ್ಲಿ. ಮಣ್ಣು ಜರಡಿ ಹಿಡಿದು, ಮರದ ಹೊಟ್ಟು ಬೆರೆಸಿ, ನೀರು ಚಿಮುಕಿಸಿ ಹದ ಮಾಡುತ್ತಿದ್ದರು. ಆಟ ನಡೆಯುವಾಗ ಇವರು ಅಷ್ಟಾಗಿ ನೋಡುತ್ತಿರಲಿಲ್ಲ. ಚಪ್ಪಾಳೆ ಮುಗಿದು ಜನವೆಲ್ಲ ಚದುರಿದ ಮೇಲೆ ಅಂಕಣಕ್ಕೆ ಬಂದು, ಚಪ್ಪಲಿ ಬಿಟ್ಟು, ಬಗ್ಗಿ ಹೆಜ್ಜೆ ಗುರುತುಗಳನ್ನು ಓದುತ್ತಿದ್ದರು. ದಾಳಿಗಾರ ಎಲ್ಲಿ ತಿರುಗಿದ, ಯಾವ ಕಾಲಿನ ಮೇಲೆ ತಿರುಗಿದ, ಹಿಮ್ಮಡಿ ಎಷ್ಟು ಆಳಕ್ಕೆ ಇಳಿದಿದೆ, ಮಧ್ಯರೇಖೆಗೆ ವಾಪಸು ಬರುವಾಗ ಹೆಜ್ಜೆಗಳ ಅಂತರ ಕಡಿಮೆಯಾಗಿದೆಯೋ ಇಲ್ಲವೋ. ಹದಿನಾಲ್ಕು ಜನ ತುಳಿದಾಡಿದ ಮಣ್ಣಿನಲ್ಲಿ ಒಬ್ಬನ ಹೆಜ್ಜೆಯನ್ನು ಬೇರೆ ಮಾಡುವುದು ಸಾಧ್ಯವೇ ಇಲ್ಲ ಎಂದು ನಾನು ಹೇಳಿದೆ. ಹಸ್ತಸಾಮುದ್ರಿಕವನ್ನೇ ನಂಬದವನು ಪಾದಸಾಮುದ್ರಿಕ ನಂಬುತ್ತೇನೆಯೇ?

ಪರೀಕ್ಷೆ ಇಟ್ಟೆ. ಒಂದು ಬೆಳಿಗ್ಗೆ ಅವರಿಗೆ ತಿಳಿಸದೆ ಮೂವರು ಹುಡುಗರನ್ನು ಹದವಾದ ಅಂಕಣದಲ್ಲಿ ಓಡಿಸಿ, ಅಡಗಿಸಿಟ್ಟು, ಅವರನ್ನು ಕರೆತಂದೆ. ಮೂವರನ್ನೂ ಸರಿಯಾಗಿ ಹೇಳಿದರು. ಹೊರಡುವಾಗ ಒಂದು ಗುರುತಿನ ಹತ್ತಿರ ನಿಂತು, "ಇವನು ಹೊಸ ಚಪ್ಪಲಿ ತಗೊಂಡಿದಾನೆ ಅಲ್ವಾ? ಹೆಬ್ಬೆರಳಿಗೆ ಕಚ್ಚಿದೆ. ಎಣ್ಣೆ ಹಚ್ಚೋಕೆ ಹೇಳು" ಎಂದರು.

"ಒಂದು ಸಲದ ಪ್ರಯೋಗದಿಂದ ಏನೂ ಸಾಬೀತಾಗಲ್ಲ ಸಾರ್" ಎಂದೆ.

"ಸರಿ ಬಿಡು, ಸಾಬೀತಾಗೋದು ಬೇಡ. ಎಣ್ಣೆ ಹಚ್ಚಲಿ."

ತುರ್ತುಪರಿಸ್ಥಿತಿ ಹೋದ ವರ್ಷದ ಚಳಿಗಾಲ. ಕಾರ್ಖಾನೆಗೆ ಒಬ್ಬನೇ ಒಬ್ಬ ದಾಳಿಗಾರ ಬೇಕಾಗಿದ್ದ. ಕಾಲೇಜುಗಳಲ್ಲಿ ಹೆಸರು ಮಾಡಿದವರು ಇಬ್ಬರಿದ್ದರು. ಒಬ್ಬ ನಮ್ಮ ಕಾಲೇಜಿನ ಮುನಿರಾಜು, ನನ್ನ ಸ್ನೇಹಿತ, ಕಾಮಾಕ್ಷಿಪಾಳ್ಯದವನು. ಅಪ್ಪ ಇಲ್ಲ. ಅಮ್ಮ ಮನೆಯಲ್ಲಿ ಕೂತು ಅಗರಬತ್ತಿ ಹೊಸೆಯುತ್ತಿದ್ದರು. ಅವರ ಅಂಗೈ ಎಷ್ಟು ತೊಳೆದರೂ ಕಪ್ಪು. ಇನ್ನೊಬ್ಬ ರುದ್ರೇಶ, ದಾವಣಗೆರೆ ಕಡೆಯವನು, ಬೇರೆ ಕಾಲೇಜು, ವಿಜಯನಗರದಲ್ಲಿ ರೂಮು ಮಾಡಿಕೊಂಡಿದ್ದ. ಆ ವರ್ಷದ ಟೂರ್ನಮೆಂಟಿನಲ್ಲಿ ಸ್ಕೋರ್ ಬರೆದವನು ನಾನು. ಇಬ್ಬರ ಪ್ರತಿಯೊಂದು ದಾಳಿಯೂ ನನ್ನ ಹಾಳೆಗಳಲ್ಲಿತ್ತು.

ಮುನಿರಾಜು ಎದುರಾಳಿಗಳ ನಡುವೆ ಹೋಗಿ ಬರುವುದನ್ನು ನೋಡಿದರೆ, ತುಂಬಿ ತುಳುಕುವ ಬಸ್ಸಿನಲ್ಲಿ ಕಂಡಕ್ಟರ್ ಯಾರಿಗೂ ತಾಗದೆ ಹಿಂದಿನಿಂದ ಮುಂದಕ್ಕೆ ಬರುತ್ತಾನಲ್ಲ, ಅದು ನೆನಪಾಗುತ್ತಿತ್ತು. ಇಲ್ಲಿದ್ದಾನೆ ಎನ್ನುವಷ್ಟರಲ್ಲಿ ಅಲ್ಲಿ. ಒಂದೇ ದಾಳಿಯಲ್ಲಿ ಮೂವರನ್ನು ಮುಟ್ಟಿ ಬಂದದ್ದಿದೆ. ರುದ್ರೇಶನ ಆಟದಲ್ಲಿ ಹೀಗೆ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಅವನು ಪೋಸ್ಟ್‌ಮನ್ನಿನ ಹಾಗೆ. ಹೋಗುತ್ತಾನೆ, ಒಬ್ಬನನ್ನು ಮುಟ್ಟುತ್ತಾನೆ, ಬರುತ್ತಾನೆ. ಯಾರೂ ಸೀಟಿ ಹೊಡೆಯುತ್ತಿರಲಿಲ್ಲ.

ಇವರಿಗೆ ಹಿಡಿಸಿದ್ದು ರುದ್ರೇಶ.

ಹೆಸರು ಬರೆದು ಕೊಡಬೇಕಾದದ್ದು ಸೋಮವಾರ. ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ, ವಠಾರದ ಕಟ್ಟೆಯ ಮೇಲೆ ನಾನು ಬಿಸಿಲು ಕಾಯಿಸುತ್ತ ಕೂತಿದ್ದೆ. ಅವರು ಎರಡು ಲೋಟ ಕಾಫಿ ತಂದರು. ಒಂದನ್ನು ನನ್ನ ಕೈಗಿಟ್ಟು ಪಕ್ಕದಲ್ಲಿ ಕೂತರು. ಅವರಾಗಿ ನನ್ನನ್ನು ಹುಡುಕಿಕೊಂಡು ಬಂದದ್ದು ಅದೇ ಮೊದಲು. ನಾನು ಉಬ್ಬಿದೆ.

"ನಿನ್ನ ಹಾಳೆ ಏನ್ ಹೇಳುತ್ತೋ?"

"ಮುನಿರಾಜು ಸಾರ್. ಪ್ರಶ್ನೇನೇ ಇಲ್ಲ. ರುದ್ರೇಶ ಎರಡು ಮ್ಯಾಚಲ್ಲಿ ತರೋ ಪಾಯಿಂಟ್ ಇವನು ಒಂದರಲ್ಲಿ ತರ್ತಾನೆ."

"ತಪ್ಪಿಸ್ಕೊಂಡು ಬಂದಿದ್ದನ್ನ ಎಲ್ಲಾರೂ ನೋಡಿರ್ತಾರೆ. ಸಿಕ್ಕಿಬಿದ್ದಾಗ ಏನ್ಮಾಡ್ತಾನೆ, ಅದು ಹೇಳು."

"ಸಿಕ್ಕಿಬೀಳೋದೇ ಕಡಿಮೆ."

"ಕಾಲೇಜಲ್ಲಿ ಕಣೋ. ಅಲ್ಲಿ ಹಿಡಿಯೋರು ಹುಡುಗರು. ನಮ್ಮಲ್ಲಿ ಹಿಡಿಯೋರು ಎರಡು ಮಕ್ಕಳ ತಂದೆಯರು. ಒಂದ್ಸಲ ತಬ್ಬಿದ್ರೆ ಬಿಡಲ್ಲ. ರುದ್ರೇಶ ನಾಲ್ಕು ಜನ ಮೇಲೆ ಬಿದ್ರೂ ತೆವಳ್ಕೊಂಡು ಗೆರೆಗೆ ಕೈ ಹಾಕ್ತಾನೆ."

ನಾನು ಕಾಫಿ ಲೋಟ ಕೆಳಗಿಟ್ಟೆ. ಅಲ್ಲಿಂದ ಮುಂದೆ ಅರ್ಧ ಗಂಟೆ ಮಾತಾಡಿದೆ. ರುದ್ರೇಶ ಗಟ್ಟಿ ತಂಡಗಳ ಎದುರು ಆಡಿದ್ದು ಕಡಿಮೆ ಎಂದೆ. ಅವನಿಗಿಂತ ಮುನಿರಾಜು ಎರಡು ವರ್ಷ ಚಿಕ್ಕವನು, ಇನ್ನೂ ಬೆಳೆಯುತ್ತಾನೆ ಎಂದೆ. ಫೈನಲ್‌ನ ಹಾಳೆ ಬಿಡಿಸಿ ತೋರಿಸಿದೆ. ಕಣ್ಣಿಗೆ ಪಕ್ಷಪಾತವಿರುತ್ತದೆ, ಕಾಗದಕ್ಕಿರುವುದಿಲ್ಲ ಎಂದೆ. ಕಾಲು ಹಿಡಿಯುತ್ತಿದ್ದವರಿಗೆ ಕೈಗೆ ಸಿಗದವನ ಮೇಲೆ ಒಂದು ಹಳೆಯ ಸಿಟ್ಟಿರುತ್ತದೆ ಎಂದೂ ಚುಚ್ಚಿದೆ. ಅವರು ನಕ್ಕರು.

ಆಮೇಲೆ ಲೋಟದ ತಳದಲ್ಲಿ ಉಳಿದಿದ್ದ ಕಾಫಿಯನ್ನು ತಿರುಗಿಸುತ್ತ, ಮುಖ ನೋಡದೆ ಕೇಳಿದರು: "ಅವನ ಎಡಗಾಲು ಏನೋ ಸರಿಯಿಲ್ಲ ಅನ್ಸುತ್ತೆ. ನಿನಗೇನಾದ್ರೂ ಗೊತ್ತೇನೋ?"

ನನಗೆ ಗೊತ್ತಿತ್ತು.

ಫೈನಲ್‌ಗೆ ವಾರವಿರುವಾಗ, ಪ್ರಾಕ್ಟೀಸಿನಲ್ಲಿ ಮುನಿರಾಜುವಿನ ಎಡ ಮೊಣಕಾಲು ತಿರುಚಿಕೊಂಡಿತ್ತು. ಮಾಗಡಿ ರಸ್ತೆಯ ಒಬ್ಬ ನಾಟಿ ವೈದ್ಯನ ಹತ್ತಿರ, ನನ್ನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋದವನು ನಾನೇ. ಮೊಟ್ಟೆಯ ಬಿಳಿ, ಯಾವುದೋ ಸೊಪ್ಪು, ಬಟ್ಟೆ ಸುತ್ತಿ ಕಟ್ಟು ಹಾಕಿ, ಮೂರು ತಿಂಗಳು ಓಡಬಾರದು ಎಂದಿದ್ದ ವೈದ್ಯ. ಆದರೂ ಮುನಿರಾಜು ಫೈನಲ್ ಆಡಿದ. "ಯಾರಿಗೂ ಹೇಳ್ಬೇಡ ಗುರು. ನಮ್ಮಮ್ಮನ ಕೈ ನೋಡಿದೀಯಲ್ಲ" ಎಂದಿದ್ದ ಮುನಿರಾಜು, ವಾಪಸು ಬರುವಾಗ, ನನ್ನ ಬೆನ್ನಿಗೆ.

ಚರ್ಚೆಯಲ್ಲಿ ಒಂದು ಪದ್ಧತಿಯಿದೆ. ನಮ್ಮ ಪಕ್ಷಕ್ಕೆ ಹೊಡೆತ ಕೊಡುವ ಸಾಕ್ಷ್ಯವನ್ನು ನಾವೇ ಎತ್ತಿ ಕೊಡಬೇಕಾಗಿಲ್ಲ. ಅದನ್ನು ಹುಡುಕುವುದು ಎದುರಾಳಿಯ ಕೆಲಸ. ಸುಳ್ಳು ಹೇಳಬಾರದು, ಅಷ್ಟೆ. ಪ್ರಶ್ನೆಗೆ ಪ್ರಶ್ನೆಯನ್ನೇ ಇಟ್ಟರೆ ಅದು ಸುಳ್ಳಾಗುವುದಿಲ್ಲ.

"ಮೊಣಕಾಲಲ್ಲಿ ಏನಾದ್ರೂ ಇದ್ದಿದ್ರೆ ಫೈನಲ್‌ನಲ್ಲಿ ಹಂಗೆ ಆಡೋಕೆ ಆಗ್ತಿತ್ತಾ ಸಾರ್?" ಎಂದೆ.

ಅವರು ನನ್ನ ಮುಖ ನೋಡಿದರು. ಮೊಣಕಾಲಿನಿಂದ ಮೇಲಕ್ಕೆ ನೋಡದ ಮನುಷ್ಯ, ನನ್ನ ಮುಖವನ್ನು ಸಾಕಷ್ಟು ಹೊತ್ತು ನೋಡಿದರು. ಆಮೇಲೆ ಎರಡೂ ಲೋಟಗಳನ್ನು ಒಂದರೊಳಗೊಂದು ಇಟ್ಟುಕೊಂಡು, "ಸರಿ, ನೀನೇ ಗೆದ್ದೆ" ಎಂದು ಒಳಗೆ ಹೋದರು. ಸೋಮವಾರ ಮುನಿರಾಜುವಿನ ಹೆಸರು ಕೊಟ್ಟರು. ಕಾರ್ಖಾನೆಯ ಡಾಕ್ಟರು ಎದೆ ನೋಡಿದರು, ಕಣ್ಣು ನೋಡಿದರು, ಸೇರಿಸಿಕೊಂಡರು.

ಅವನು ಕೆಲಸಕ್ಕೆ ಸೇರಿದ ಐದನೇ ತಿಂಗಳಲ್ಲಿ ಕಾರ್ಖಾನೆಗಳ ನಡುವಿನ ಪಂದ್ಯ. ಸಂಜೆ ನಾಲ್ಕೂವರೆ, ನಾನೂ ಹೋಗಿದ್ದೆ. ಮುನಿರಾಜು ದಾಳಿಗೆ ಹೋಗಿ, ಮೂಲೆಯವನ ಕೈ ಮುಟ್ಟಿ, ವಾಪಸು ಬರಲು ಎಡಗಾಲಿನ ಮೇಲೆ ತಿರುಗಿದ. ಯಾರೂ ಅವನನ್ನು ಹಿಡಿದಿರಲಿಲ್ಲ. ನೆಲದ ಮೇಲೆ ಬಿದ್ದ ಏನನ್ನೋ ಹೆಕ್ಕಿಕೊಳ್ಳಲು ಕೂತವನಂತೆ ಕೂತುಬಿಟ್ಟ. ಆದರೆ ಉಸಿರು ಬಿಡಲಿಲ್ಲ. ಕಬಡ್ಡಿ ಕಬಡ್ಡಿ ಕಬಡ್ಡಿ ಎನ್ನುತ್ತಲೇ ಎರಡೂ ಕೈ ಮಣ್ಣಿಗೆ ಊರಿ, ಕಾಲನ್ನು ಎಳೆದುಕೊಂಡು, ಗೆರೆಯ ಕಡೆಗೆ ತೆವಳತೊಡಗಿದ. ಎದುರು ತಂಡದ ಆರು ಜನ ಸುತ್ತ ನಿಂತಿದ್ದರು. ಒಬ್ಬನೂ ಮುಟ್ಟಲಿಲ್ಲ. ರೆಫರಿ ಸೀಟಿ ಬಾಯಲ್ಲಿಟ್ಟುಕೊಂಡು ಊದಲಿಲ್ಲ. ಇಡೀ ಮೈದಾನದಲ್ಲಿ ಕೇಳುತ್ತಿದ್ದುದು ಆ ಒಂದೇ ಸದ್ದು, ಸಣ್ಣಗಾಗುತ್ತ, ಇನ್ನೂ ಸಣ್ಣಗಾಗುತ್ತ. ಗೆರೆಗೆ ಒಂದು ಮೊಳವಿರುವಾಗ ಅದು ನಿಂತಿತು. ಅಂಚಿನಲ್ಲಿ ಕೂತಿದ್ದ ಇವರು ಎದ್ದು ಅಂಕಣದೊಳಗೆ ನುಗ್ಗಿದರು, ಬಾಗಿದ ಬೆರಳುಗಳಲ್ಲಿ ಅವನ ಮೊಣಕಾಲನ್ನು ಹಿಡಿದುಕೊಂಡು ಕೂತರು.

ದೆವ್ವ ಭೂತಗಳನ್ನು ನಾನು ನಂಬುವುದಿಲ್ಲ. ಸದ್ದಿಗೆ ಗಾಳಿ ಬೇಕು, ಕಿವಿ ಬೇಕು, ಮೂಲ ಬೇಕು. ಮೂರೂ ಇಲ್ಲದೆ ಸದ್ದಿಲ್ಲ ಎಂದು ಯಾರ ಎದುರು ಬೇಕಾದರೂ ವಾದಿಸುತ್ತೇನೆ. ಆದರೂ ಲೈಬ್ರರಿಯಲ್ಲಿ, ಬಸ್ಸಿನ ಕ್ಯೂನಲ್ಲಿ, ಸುತ್ತಲಿನ ಮಾತೆಲ್ಲ ಒಮ್ಮೆಲೇ ನಿಂತಾಗ, ಅದು ನನಗೆ ಕೇಳುತ್ತದೆ. ಗೆರೆಯ ತನಕ ಬರುವುದಿಲ್ಲ.

ಆಟಕ್ಕಾಗಿ ತೆಗೆದುಕೊಂಡವನು ಆಡಲಾರ ಎಂದಾದರೆ, ಆರು ತಿಂಗಳ ಪ್ರೊಬೇಷನ್ ಮುಗಿಯುವ ಮೊದಲು ಕಳಿಸಿಬಿಡುವುದು ಅಲ್ಲಿಯ ಕ್ರಮ. ಉಳಿದ ಒಂದು ತಿಂಗಳು ಇವರು ದಿನಾ ಊಟದ ಬಿಡುವಿನಲ್ಲಿ ಕ್ರೀಡಾ ಕಾರ್ಯದರ್ಶಿಯ ಕೋಣೆಯ ಮುಂದೆ ನಿಲ್ಲುತ್ತಿದ್ದರಂತೆ. "ಪೀಸು ಪಾಸ್ ಮಾಡಿದವನು ನಾನು. ಪೀಸಿಗೆ ಯಾಕೆ ಶಿಕ್ಷೆ? ಕೂತು ಮಾಡೋ ಕೆಲಸ ಯಾವುದಾದ್ರೂ ಕೊಡಿ." ಕೊಡಲಿಲ್ಲ. ಆಮೇಲೆ ಅವರು ಯಾವ ಮೈದಾನಕ್ಕೂ ಹೋಗಲಿಲ್ಲ. ರುದ್ರೇಶನನ್ನು ಬೇರೆ ಕಾರ್ಖಾನೆಯವರು ಕರೆದುಕೊಂಡರು, ಎರಡನೇ ವರ್ಷಕ್ಕೇ ಅವನು ಕ್ಯಾಪ್ಟನ್ ಆದ. "ಏನ್ ಸಾರ್, ಚಿನ್ನ ಬಿಟ್ಟು ಹಿತ್ತಾಳೆ ತಗೊಂಡ್ರಂತೆ?" ಎಂದು ವಠಾರದಲ್ಲಿ ಯಾರೋ ಕೆಣಕಿದರು. ಇವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ನಿಂತಿದ್ದರು, ಹಾಕಿಕೊಳ್ಳುತ್ತಲೇ ಇದ್ದರು.

ನನ್ನನ್ನು ಒಂದು ಮಾತು ಅನ್ನಲಿಲ್ಲ. ಬೈದಿದ್ದರೆ ಎದುರು ವಾದ ಸಿದ್ಧವಿತ್ತು. ನಾನು ಮೊದಲಿನ ಹಾಗೆಯೇ ಕಟ್ಟೆಯ ಮೇಲೆ ಕೂತು ರಾಜಕೀಯ, ದೇವರು, ನಲ್ಲಿ ನೀರು ಎಂದು ಮಾತಾಡುತ್ತಿದ್ದೆ. ಅವರು ಕೇಳುತ್ತಿದ್ದರು. ಆದರೆ ನನ್ನ ಮಾತಿಗೆ ಹಿಮ್ಮಡಿಯಿಲ್ಲ ಎಂದು ಮತ್ತೆಂದೂ ಹೇಳಲಿಲ್ಲ. ನಾನು ಏನೇ ಹೇಳಿದರೂ "ಸರಿ" ಎನ್ನುತ್ತಿದ್ದರು.

ಒಂದು ವಿಷಯ ನನ್ನನ್ನು ಕೊರೆಯುತ್ತಿತ್ತು. ಅವತ್ತು ಅವರು ಕೇಳಿದ್ದು ಎಡಗಾಲಿನ ಬಗ್ಗೆ. ಮೊಣಕಾಲು ಎಂದವನು ನಾನು. ಪಾದವಿರಬಹುದಿತ್ತು, ತೊಡೆಯಿರಬಹುದಿತ್ತು, ನನ್ನ ನಾಲಿಗೆ ನೇರವಾಗಿ ನೋವಿದ್ದ ಜಾಗಕ್ಕೇ ಹೋಗಿತ್ತು. ಅದು ಅವರ ಗಮನಕ್ಕೆ ಬಂದಿತ್ತೇ? ಬಂದಿದ್ದರೆ, ನನಗೆ ಗೊತ್ತಿದೆ ಎಂದು ತಿಳಿದೂ ಹೆಸರು ಕೊಟ್ಟದ್ದೇಕೆ? ಎಷ್ಟೋ ಸಲ ಕೇಳಬೇಕೆಂದುಕೊಂಡೆ. ಈಗ ಲಾ ಕಾಲೇಜಿನಲ್ಲಿದ್ದೇನೆ, ಸಾಕ್ಷಿಯನ್ನು ಪ್ರಶ್ನಿಸುವುದು ಹೇಗೆಂದು ಕಲಿಸುತ್ತಾರೆ. ಎದುರು ಮನೆಯ ಬಾಗಿಲಿಗೆ ಹದಿನೈದು ಹೆಜ್ಜೆ. ಹೋಗಲಿಲ್ಲ.

ಹನ್ನೊಂದನೇ ದಿನದ ಊಟಕ್ಕೆ ಮುನಿರಾಜು ಬಂದಿದ್ದ. ಎಡಗಾಲು ಮಡಿಯುವುದಿಲ್ಲ, ಕಂಬದ ಹಾಗೆ ಮುಂದಕ್ಕೆ ಎತ್ತಿಡುತ್ತಾನೆ. ಕಾಮಾಕ್ಷಿಪಾಳ್ಯದ ಒಂದು ವರ್ಕ್‌ಷಾಪಿನಲ್ಲಿ ಕೂತು ಮಾಡುವ ಕೆಲಸ ಸಿಕ್ಕಿದೆಯಂತೆ. ನಾವಿಬ್ಬರೂ ನಲ್ಲಿಯ ಹತ್ತಿರ ನಿಂತೆವು. ಎಷ್ಟೋ ದಿನದಿಂದ ಹೊರಗೆ ಬರಲು ಕಾಯುತ್ತಿದ್ದದ್ದು ಬಂದೇಬಿಟ್ಟಿತು.

"ಅವತ್ತು ಸಾರ್ ನಿನ್ನ ಕಾಲಿನ ಬಗ್ಗೆ ಕೇಳಿದ್ರು. ನಾನು ಹೇಳ್ಲಿಲ್ಲ ಕಣೋ."

"ಗೊತ್ತು" ಎಂದ. "ಅವರಿಗೂ ಗೊತ್ತಿತ್ತು."

"ಏನು ಗೊತ್ತಿತ್ತು?"

"ಎಲ್ಲಾ. ಶನಿವಾರಾನೇ ಇಲ್ಲಿಗೆ ಬಂದು ನಾನೇ ಹೇಳ್ದೆ. ಮುಚ್ಚಿಟ್ಟು ಕೆಲಸಕ್ಕೆ ಹೋಗೋದು ಬೇಡ ಅಂತ ಅಮ್ಮ ಹಟ ಹಿಡಿದ್ಲು. ಕಟ್ಟು ಬಿಚ್ಚಿ ತೋರಿಸ್ದೆ. ನೀನೇ ಸೈಕಲ್ ಮೇಲೆ ವೈದ್ಯನ ಹತ್ರ ಕರ್ಕೊಂಡು ಹೋಗಿದ್ದು ಅಂತಾನೂ ಹೇಳ್ದೆ."

ಮೊಣಕಾಲು ಎಂದುಬಿಟ್ಟೆನಲ್ಲ ಎಂದು ನಾನು ಕೊರಗಿದ ಆ ಒಂದು ಪದ ಅಲ್ಲಿಯೇ ಸತ್ತುಬಿದ್ದಿತು. ಅದನ್ನು ಗಮನಿಸುವ ಅಗತ್ಯವೇ ಅವರಿಗಿರಲಿಲ್ಲ.

"ನನಗ್ಯಾಕೆ ಹೇಳ್ಲಿಲ್ಲ ನೀನು?"

"ಹೇಳೋಣ ಅಂತಾನೇ ನಿಮ್ಮನೆ ಬಾಗಿಲು ತಟ್ಟಿದೆ. ನೀನು ಮೈಸೂರಿಗೋ ಎಲ್ಲಿಗೋ ಡಿಬೇಟಿಗೆ ಹೋಗಿದ್ದೆ. ಕೆಲಸ ಸಿಕ್ಕಿದ ಮೇಲೆ ಹೇಳೋಕೇನಿತ್ತು?"

"ಸಾರ್ ಏನಂದ್ರು?"

"'ಬೇಡ ಅನ್ನೋಕೆ ನನಗೆ ಬಾಯಿ ಬರ್ತಿಲ್ಲ, ಹೆಸರು ಬರೆಯೋಕೆ ಕೈ ಬರ್ತಿಲ್ಲ. ನಾಳೆ ಇನ್ನೊಬ್ಬನ್ನ ಕೇಳ್ತೀನಿ. ಅವನು ಬೇಡ ಅಂದ್ರೆ ಬೇಡ' ಅಂದ್ರು. ಕೇಳಿದ್ದು ನಿನ್ನನ್ನ ಅಂತ ಆಮೇಲೆ ಅವರೇ ಹೇಳಿದ್ರು."

ಹಾಗಾದರೆ ಆ ಭಾನುವಾರ ಅವರು ಹಿಡಿದು ತಂದದ್ದು ಬರೀ ಕಾಫಿಯಲ್ಲ. ತಡೆಯಲಿ ಎಂದು ಬಂದಿದ್ದರೇ, ದೂಡಲಿ ಎಂದು ಬಂದಿದ್ದರೇ? ವಠಾರದಲ್ಲಿ ಅಷ್ಟು ಜನರಿದ್ದರು. ಗೆಲ್ಲುವುದನ್ನು ಬಿಟ್ಟು ಬೇರೇನನ್ನೂ ಕಲಿಯದವನ ಹತ್ತಿರ ಬಂದರು. ಅಥವಾ, ಹುಡುಗನ ಕಾಲಿನ ಬಗ್ಗೆಯೂ ಮನೆಯ ಬಗ್ಗೆಯೂ ತಿಳಿದಿದ್ದ ಇನ್ನೊಬ್ಬ ನಾನೇ ಆದ್ದರಿಂದ ಬಂದರು. ಉತ್ತರ ಕೊಡಬೇಕಾದವರು ಈಗಿಲ್ಲ.

"ನಿನಗೆ ನನ್ನ ಮೇಲೆ ಸಿಟ್ಟಿಲ್ವಾ?" ಎಂದೆ.

"ಆರು ತಿಂಗಳು ಅಮ್ಮ ಬತ್ತಿ ಹೊಸೀಲಿಲ್ಲ ಗುರು. ಕೈ ಬೆಳ್ಳಗಾಗಿತ್ತು. ಅಕ್ಕಪಕ್ಕದೋರಿಗೆಲ್ಲ ತೋರಿಸ್ಕೊಂಡು ಓಡಾಡ್ತಿದ್ಲು." ನಲ್ಲಿ ತಿರುಗಿಸಿ ಕೈ ತೊಳೆದ. "ಒಂದು ಕೇಳ್ಲಾ? ನಿಜ ಹೇಳ್ಬೇಕು."

"ಕೇಳು."

"ಅವತ್ತು ಅವರು ಕೇಳ್ದಾಗ ನೀನು ಬಾಯಿ ಬಿಡದೇ ಇದ್ದಿದ್ದು ನನಗೋಸ್ಕರಾನಾ? ಇಲ್ಲ ಗೆಲ್ಲೋಕಾ?"

ಒಳಗಿನಿಂದ ಅವರ ಹೆಂಡತಿ ಕರೆದರು. "ಎಲೆ ಹಾಕಿದೀವಿ, ಬನ್ರಪ್ಪಾ."

ಮುನಿರಾಜು ಕೈ ಒರೆಸಿಕೊಂಡು ಒಳಗೆ ಹೋಗಿ, ಗೋಡೆ ಹಿಡಿದು, ನಿಧಾನಕ್ಕೆ ಕೆಳಗೆ ಇಳಿದು, ಸಾಲಿನಲ್ಲಿ ಕೂತ. ಪಕ್ಕದ ಎಲೆ ಖಾಲಿಯಿತ್ತು, ಅದರ ಮುಂದೆ ನಾನು ಕೂತೆ. ಅವನ ಕಾಲು ಸಾಲಿನ ಆಚೆಗೆ ನೇರವಾಗಿ ಚಾಚಿತ್ತು. ಪಲ್ಯದವನು ಬಂದ, ಅನ್ನದವನು ಬಂದ, ಸಾರಿನವನು ಬಂದ. ಒಬ್ಬೊಬ್ಬನೂ ಆ ಕಾಲಿನ ಹತ್ತಿರ ನಿಂತು, ದಾಟದೆ, ಸುತ್ತಿಕೊಂಡು ಬಂದು ನನಗೆ ಬಡಿಸಿದ.